ಆನೆಯೆತ್ತರದ ನೀರು

ತೊಂಬತ್ತೆಂಟರ ಬೇಸಿಗೆಯಲ್ಲಿ ಮಹೇಶ್ ಬಾಡಿಗೆಯ ವಿಸಿಪಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೃಷ್ಣಮೂರ್ತಿಪುರಂನ ಮನೆಗೆ ಬಂದಾಗ ಅಂಬುಜಾ ಟೀಚರಿಗೆ ಮೊದಲು ಖುಷಿಯೇ ಆಯಿತು. ನಿವೃತ್ತರಾದ ಮೇಲೆ ಹಳೆಯ ವಿದ್ಯಾರ್ಥಿಗಳು ಮದುವೆಯ ಕರೆಯೋಲೆ ಹಿಡಿದು ಬರುವುದುಂಟು. ಕಲ್ಕತ್ತೆಯ ಬ್ಯಾಂಕಿಗೆ ವರ್ಗವಾಗಿದ್ದ ಇವನು ತಂದದ್ದು ಒಂದು ವೀಡಿಯೊ ಕ್ಯಾಸೆಟ್. ಅಲ್ಲಿನ ನದಿಯಲ್ಲಿ ಸಮುದ್ರದ ಉಬ್ಬರ ಒಂದೇ ಅಲೆಯಾಗಿ ಹಿಮ್ಮುಖವಾಗಿ ಏರಿ ಬರುವುದನ್ನು ಚಿತ್ರಿಸಿಕೊಂಡು ಬಂದಿದ್ದ. ಮಿಸ್ ಕಣ್ಣಾರೆ ಕಂಡ ಆನೆಯೆತ್ತರದ ನೀರು ನೋಡಬನ್ನಿ ಎಂದು ಎದುರುಮನೆಯ ವಸಂತಮ್ಮನವರನ್ನೂ ಕರೆದ.

ಆ ಮಾತಿಗೆ ಟೀಚರ ಖುಷಿ ಇಳಿಯಿತು.

ಎಂಟನೇ ತರಗತಿಯ ಪಾಠದಲ್ಲಿ ಈ ಅಲೆಯ ಬಗ್ಗೆ ಇದ್ದದ್ದು ಒಂದೇ ಸಾಲು. ಸಮುದ್ರ ಕಾಣದ ಮಕ್ಕಳು ತೂಕಡಿಸುತ್ತಿದ್ದರು. ಜಂಬೂಸವಾರಿಯ ಆನೆಗಳಷ್ಟು ಎತ್ತರದ ನೀರು, ಹಾಗೇ ಸಾಲಾಗಿ ಬರುತ್ತದೆ ಎಂದುಬಿಟ್ಟಿದ್ದರು ಟೀಚರ್. ನೀವು ನೋಡಿದೀರಾ ಮಿಸ್ ಎಂದು ಮೊದಲ ಬೆಂಚಿನಿಂದ ಕೇಳಿದವನು ಇವನೇ. ಹೂಂ ಎಂದಿದ್ದರು. ಇಡೀ ತರಗತಿ ಎಚ್ಚರಾಗಿ ಕೂತಿತ್ತು. ಆಮೇಲೆ ಪ್ರತಿ ವರ್ಷವೂ ಹಾಗೇ ಹೇಳಿದರು.

ಟೀವಿಯಲ್ಲಿ ಬೂದು ಬಣ್ಣದ ನದಿ. ದೋಣಿಯವರು ದಡ ಬಿಟ್ಟು ನಡುನೀರಿಗೆ ಹೋಗುತ್ತಿದ್ದರು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ, ದಡದಿಂದ ದಡಕ್ಕೆ, ಒಂದು ಬಿಳಿಯ ಗೆರೆ. ಅದು ಹತ್ತಿರ ಬಂದು, ದಡದ ಮೆಟ್ಟಿಲಿಗೆ ಬಡಿದು, ದೋಣಿಗಳನ್ನು ಒಂದೊಂದಾಗಿ ಎತ್ತಿ ಇಳಿಸಿ ಹೋಯಿತು. ಸೊಂಟದೆತ್ತರ ಇದ್ದೀತು.

"ಆನೆ ಅಂದ್ಯಲ್ಲ. ಇದು ಕರು ಕಣಪ್ಪ," ಎಂದರು ವಸಂತಮ್ಮ.

ಮಹೇಶನ ಮುಖ ಸಣ್ಣದಾಯಿತು. ಗೆಳೆಯನ ಕ್ಯಾಮೆರಾ ಕೇಳಿ ತಂದು, ಮೂರು ಅಮಾವಾಸ್ಯೆ ರಜೆ ಹಾಕಿ ಹೋಗಿ ಕಾದಿದ್ದನಂತೆ. ಮೂರು ಸಲವೂ ಇಷ್ಟೇ. ದೊಡ್ಡದು ಬರುವ ದಿನ ತನಗೇ ಸಿಗಲಿಲ್ಲ ಎಂದು ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ. "ನೀವು ನೋಡಿದ್ದು ಯಾವ ತಿಂಗಳು ಮಿಸ್? ಆಗಲೇ ಹೋಗ್ತೀನಿ."

ಒಂದು ತಿಂಗಳ ಹೆಸರು ಹೇಳಿದ್ದರೆ ಸಾಕಿತ್ತು. ಭಾದ್ರಪದ ಎಂದು ನಾಲಿಗೆಯ ತುದಿಗೂ ಬಂತು. ಹೇಳಿದರೆ ಇವನು ಮತ್ತೆ ಹೋಗಿ ದಡದಲ್ಲಿ ನಿಲ್ಲುತ್ತಾನೆ.

"ನಾನು ನೋಡೇ ಇಲ್ಲ ಕಣೋ," ಎಂದರು. "ಕಲ್ಕತ್ತೆಗೇ ಹೋಗಿಲ್ಲ. ಆನೆ ನಾನೇ ಸೇರಿಸಿದ್ದು."

ವಸಂತಮ್ಮನವರಿಗೆ ಒಲೆಯ ಮೇಲಿನ ಹಾಲು ನೆನಪಾಯಿತು, ಎದ್ದು ಹೋದರು. ಮಹೇಶ್ ಕ್ಯಾಸೆಟ್ಟಿನ ಖಾಲಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ಟೀಚರ್ ಅವನ ಮುಖ ನೋಡಲಿಲ್ಲ.

"ಹಂಗಾದ್ರೆ ನೀವು ನೋಡಿದ್ದು ಇದೇ ಮೊದಲು," ಎಂದ ಕೊನೆಗೆ, ಸ್ವಲ್ಪ ಬಿಗಿಯಾಗಿಯೇ. "ಇನ್ನೊಂದ್ಸಲ ಹಾಕ್ತೀನಿ. ಸರಿಯಾಗಿ ನೋಡಿ."

ಅವರು ಕನ್ನಡಕ ಒರೆಸಿಕೊಂಡು ಟೀವಿಯ ಹತ್ತಿರಕ್ಕೆ ಸರಿದು ಕೂತರು. ಅಂತರಗಂಗೆ ಕಳೆಯ ಹಸಿರು ಗುಂಪೊಂದು ಸಮುದ್ರದ ಕಡೆಗೆ ತೇಲುತ್ತಿತ್ತು. ಅಲೆ ಅದನ್ನು ದಾಟಿತು. ಗುಂಪು ನಿಂತು, ಒಂದು ಸುತ್ತು ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. ಇಡೀ ನದಿಯೇ ಹಾಗೆ ಹೊರಟಿತ್ತು.

"ಇದನ್ನ ನಾನು ಪಾಠದಲ್ಲಿ ಹೇಳಿರ್ಲಿಲ್ಲ."

"ಇಲ್ಲ ಮಿಸ್," ಎಂದು ಮಹೇಶ್ ತನ್ನ ಕುರ್ಚಿಯನ್ನೂ ಮುಂದಕ್ಕೆ ಎಳೆದುಕೊಂಡ.