ಎಣ್ಣೆ ಹೊಡೆಯದ ಗೋಧಿ

ದೇವದುರ್ಗದ ಕಡೆಯ ಕುರಿಗಾರ ಹೆಣ್ಣುಮಗಳು ಆದೆಮ್ಮ. ಯಾರ ಹೊಲಕ್ಕೆ ಹಿಂಡು ಬಿಡುವ ಮೊದಲೂ ಅವಳು ಕೇಳುವುದು ಒಂದೇ ಮಾತು: ಎಣ್ಣಿ ಹೊಡದೀರೇನು? ಎಣ್ಣೆ ಎಂದರೆ ಬೆಳೆಗೆ ಸಿಂಪಡಿಸುವ ಯಾವುದೇ ಔಷಧಿ. ಹಿಂದೊಮ್ಮೆ ಔಷಧಿ ಹೊಡೆದ ಹತ್ತಿ ಮೇದು ಅಕ್ಕನ ಹಿಂಡು ನೆಲಕ್ಕೊರಗಿದ್ದನ್ನು ಕಣ್ಣಾರೆ ಕಂಡವಳು. ಗಂಡ ಹೋದ ಮೇಲೆ ಅವಳ ಬದುಕೆಂದರೆ ಈ ಕುರಿಗಳೇ. ಅದರಲ್ಲೂ ಈ ಸಲ ಅರ್ಧಕ್ಕರ್ಧ ಗಬ್ಬದ ಕುರಿಗಳು.

ಮಲ್ಲಟದ ಗುರುಸಿದ್ದನ ಚಿಂತೆ ಬೇರೆ. ಗೋಧಿಗೆ ಗೊಬ್ಬರ ತುಸು ಹೆಚ್ಚಿಸಿ, ಗಿಡ ಕುಳ್ಳಗೆ ನಿಲ್ಲುವ ಎಣ್ಣೆ ಹೊಡೆದರೆ ಪೈರು ಮಲಗುವುದಿಲ್ಲ, ಕಾಳು ತುಂಬುತ್ತದೆ ಎಂದು ರಾಯಚೂರಿನಲ್ಲಿ ಕೇಳಿ ಬಂದಿದ್ದ. ಕೇಳಿದ್ದರಲ್ಲಿ ಅರ್ಧ ಮರೆತು, ಉಳಿದರ್ಧವನ್ನು ಎರಡು ಪಟ್ಟು ಮಾಡುವ ಜಾಣ ಅವನು. ಯೂರಿಯಾ ಸುರಿದ, ನೀರು ಬಿಟ್ಟ, ಮತ್ತೆ ಸುರಿದ. ಗೋಧಿ ಹಸಿರು ದಾಟಿ ಕಪ್ಪಿಗೆ ತಿರುಗಿತು. ದಾರಿಹೋಕರು ನಿಂತು ನೋಡಿದರೆ ಅವನಿಗೆ ಹಿಗ್ಗು. ಅಷ್ಟರಲ್ಲಿ ಮೋಡ ಕವಿದು, ದಿನಗಟ್ಟಲೆ ಬಿಸಿಲೇ ಕಾಣಲಿಲ್ಲ.

ಸಿರವಾರದಿಂದ ಎಣ್ಣೆಯ ಬಾಟಲಿ ತಂದು ಅವನು ಪಂಪು ತೊಳೆಯುತ್ತಿದ್ದಾಗ ಆದೆಮ್ಮ ಬದುವಿಗೆ ಬಂದಳು.

“ಅದನ್ನ್ಯಾಕ ಹೊಡೀತಿ ತಮ್ಮಾ? ಕುರಿ ಒಂದ್ಸಲ ತುದಿ ಮೇದ್ರ ಪೈರು ತಾನ ಕುಳ್ಳಗ ಆಗ್ತದ. ನಮ್ಮಪ್ಪ ಹಂಗ ಮೇಯಿಸ್ತಿದ್ದ. ನನ್ನ ಕುರಿನೂ ಹಸ್ಕೊಂಡಾವ.”

“ಬೆಳಿ ಕೆಡಂಗಿಲ್ಲೇನು ಯವ್ವಾ?”

“ಕಡ್ಡಿ ಗಂಟು ಕಟ್ಟಿ ಮ್ಯಾಲ ಏಳೂದಕ್ಕಿಂತ ಮೊದ್ಲ ಮೇಯಿಸಿದ್ರ ಏನೂ ಆಗಂಗಿಲ್ಲ. ಎಣ್ಣಿ ಹೊಡದಿಲ್ಲಲ್ಲ?”

ಗುರುಸಿದ್ದ ಬಾಟಲಿ ಎತ್ತಿ ತೋರಿಸಿದ. ಮುಚ್ಚಳದ ಸೀಲು ಹಾಗೇ ಇತ್ತು. “ನಿನ್ನಾಣಿ, ಈ ಹೊಲಕ್ಕ ಒಂದು ಹನಿ ಬಿದ್ದಿಲ್ಲ.”

ಸುಳ್ಳಲ್ಲ. ಗುಡಿಯಲ್ಲಿ ನಿಂತು ಹೇಳಬಹುದಾದ ಸತ್ಯ. ಈಗ ನೆನೆದರೆ ಆದೆಮ್ಮನಿಗೆ ಮೈ ಉರಿಯುವುದು ಅದಕ್ಕೇ.

ಹಸಿದ ಹಿಂಡು ನುಗ್ಗಿತು. ಸ್ವಲ್ಪ ಹೊತ್ತು ಚರಚರ ಮೇಯುವ ಸದ್ದು. ಆಮೇಲೆ ಆ ಸದ್ದು ಕಡಿಮೆಯಾಗುತ್ತ ಬಂತು. ಹೊಟ್ಟೆ ತುಂಬಿರಬೇಕು ಎಂದುಕೊಂಡು ಆದೆಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು. ತಲೆಯೆತ್ತಿದಾಗ ಹಿರಿ ಕುರಿ ಕಾಲಗಲಿಸಿ ನಿಂತು ಏದುಸಿರು ಬಿಡುತ್ತಿತ್ತು. ನೋಡುನೋಡುತ್ತಲೇ ಅದು ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಬಾಯಿ ಬಿಡಿಸಿ ನೋಡಿದರೆ ವಸಡು ಮಣ್ಣಿನ ಬಣ್ಣ.

ಗುರುಸಿದ್ದ ಫೋನು ಮಾಡಿದ. ಮಾನ್ವಿಯಿಂದ ದನದ ಡಾಕ್ಟರು ಉಮಾದೇವಿ ಬರುವಷ್ಟರಲ್ಲಿ ಗಬ್ಬದ ಕುರಿಗಳು ಹೆಚ್ಚುಕಡಿಮೆ ಎಲ್ಲವೂ ಮಲಗಿದ್ದವು. ಅವಳು ಒಂದರ ಕಿವಿ ಚುಚ್ಚಿದಳು. ಬಂದ ರಕ್ತ ಕಾಫಿಯ ಬಣ್ಣಕ್ಕಿತ್ತು. ಉಸಿರಿದ್ದವಕ್ಕೆ ಸೂಜಿ ಹಾಕುತ್ತ ಹೋದಳು.

“ನಾ ಎಣ್ಣಿ ಹೊಡದಿಲ್ರೀ,” ಎಂದು ಗುರುಸಿದ್ದ ಮತ್ತೆ ಬಾಟಲಿ ಎತ್ತಿದ.

“ಎಣ್ಣಿ ಬಿಡು. ಯೂರಿಯಾ ಎಷ್ಟು ಹಾಕೀದಿ?”

ಅವನು ಬದುವಿನ ಮೇಲಿದ್ದ ಖಾಲಿ ಗೊಬ್ಬರದ ಚೀಲಗಳತ್ತ ನೋಡಿದ.

“ಮೋಡ ಇದ್ದಾಗ ಗಿಡಕ್ಕ ಅಷ್ಟು ಗೊಬ್ಬರ ಅರಗಂಗಿಲ್ಲ. ಎಲಿಯೊಳಗ ಉಳೀತದ. ಕುರಿ ಹೊಟ್ಟಿಗೆ ಹೋದ್ರ ವಿಷ.”

ಆದೆಮ್ಮ ಸತ್ತ ಕುರಿಯ ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಒಳಗಿನ ಮರಿ ಅಲುಗುತ್ತದೇನೋ ಎಂಬ ಆಸೆ ಇನ್ನೂ ಇತ್ತು. “ಗೊಬ್ಬರ ಹಾಕೀರೇನು ಅಂತ ಯಾರರ ಕೇಳ್ತಾರೇನವ್ವಾ?” ಎಂದಳು.

ಸಂಜೆಗೆ ಅವಳು ಎದ್ದು, ಬದುಕಿದ ಕುರಿಗಳನ್ನು ಕಂಬಳಿ ಬೀಸಿ ದಾರಿಗೆ ಅಟ್ಟಿದಳು. ಅವು ನಾಲ್ಕು ಹೆಜ್ಜೆ ಹೋಗಿ, ಮತ್ತೆ ಆ ಕಪ್ಪು ಗೋಧಿಯ ಕಡೆಗೇ ತಿರುಗಿದವು.