ಮರದ ರೀಲು

ಶವಪೆಟ್ಟಿಗೆಯ ಮುಚ್ಚಳ ಅರ್ಧಕ್ಕೆ ಇಳಿದಿತ್ತು. ಅಷ್ಟರಲ್ಲಿ ಸೆಲ್ವರಾಣಿ ಒಳಗೆ ಕೈಹಾಕಿ ಅಪ್ಪನ ಎದೆಯ ಮೇಲಿದ್ದ ಗಾಳದ ರೀಲನ್ನು ಎತ್ತಿಕೊಂಡಳು. ಅದರ ಹಿಡಿಗೆ ಚೆಂಡುಹೂವಿನ ಮಾಲೆ ಸಿಕ್ಕಿ ಹರಿದು, ಹೂವೆಲ್ಲ ನೆಲಕ್ಕೆ ಚೆಲ್ಲಿತು.

"ಅಕ್ಕಾ, ಏನ್ಮಾಡ್ತಿದೀಯ?" ತಮ್ಮ ದೇವನ್ ಮುಚ್ಚಳ ಹಿಡಿದುಕೊಂಡೇ ಕೇಳಿದ. "ಅಪ್ಪನ ಜೊತೆ ಹೋಗ್ಲಿ ಅಂತ ನಾನೇ ಇಟ್ಟಿದ್ದು."

"ಸುಡೋಕೆ ಕೊಡಲ್ಲ."

"ನಿಂಗ್ಯಾಕದು? ಅಪ್ಪ ಹಿಡ್ಕೊಂಡು ಬಂದ ಒಂದ್ ಮೀನನ್ನೂ ಬಾಯಿಗೆ ಹಾಕ್ದೋಳಲ್ಲ ನೀನು."

"ಹೆಣದ ಮೇಲಿಂದ ಕಿತ್ಕೊಳ್ತಾರೇನೇ?" ಸೋದರತ್ತೆ ಪಾಕ್ಯಮ್ಮ ಅಳುವುದನ್ನು ನಿಲ್ಲಿಸಿ ಬೈದಳು. "ಇಟ್ಬಿಡೇ ತಾಯಿ, ಜನ ನೋಡ್ತಿದಾರೆ."

ಸೆಲ್ವರಾಣಿ ಇಡಲಿಲ್ಲ. ಯಾಕೆ ಎತ್ತಿಕೊಂಡೆನೆಂದು ಅವಳಿಗೇ ಗೊತ್ತಿರಲಿಲ್ಲ. ಬೆಳಗಿನಿಂದ ಅವಳು ಒಂದು ಕಡೆ ಕೂತಿರಲಿಲ್ಲ. ಅಡುಗೆಮನೆಗೆ ಹೋಗಿ ಬೇಳೆಸಾರು ಕದಡುವಳು, ಹೊರಗೆ ಬಂದು ಕುರ್ಚಿ ಎಣಿಸುವಳು, ಮತ್ತೆ ಒಳಗೆ ಬಂದು ಅಪ್ಪನ ಮುಖ ನೋಡದೆ ಅವನ ಕಾಲಿನ ಕಡೆ ನಿಲ್ಲುವಳು. ಷರಟಿನ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕಿ ಬದುಕು ಸವೆಸಿದ ಸಿಂಗಾರಂ ಗೊವೆಂಡರ್‌ಗೆ ಸತ್ತಾಗಲೂ ಮಡಿಕೆ ಮುರಿಯದ ಅಂಗಿ ತೊಡಿಸಿದ್ದರು.

ಅಂಗಳದ ಶಾಮಿಯಾನದಡಿ ಅವನ ಜೊತೆಯ ಗಾಳದವರು ಕೂತಿದ್ದರು. ನೈಋತ್ಯದ ಗಾಳಿ ಎದ್ದಿತ್ತು. ಅವರ ತಲೆಗಳೆಲ್ಲ ಒಂದೊಂದು ಸಲ ಸಮುದ್ರದ ಕಡೆ ತಿರುಗುತ್ತಿದ್ದವು, ಮತ್ತೆ ನಾಚಿಕೊಂಡು ಮನೆಯ ಕಡೆಗೆ ಬರುತ್ತಿದ್ದವು.

"ಇವತ್ತು ಶ್ಯಾಡ್ ಮೀನು ದಡಕ್ಕೇ ಮುಗಿಬಿದ್ದಿರತ್ತೆ," ಒಬ್ಬ ಪಿಸುಗುಟ್ಟಿದ.

"ಸಿಂಗಾರಂಗೆ ಸಾಯೋಕೂ ಇದೇ ವಾರ ಬೇಕಿತ್ತಾ? ನಮ್ಮನ್ನ ಕಟ್ಟಿ ಹಾಕ್ದ ನೋಡು," ಅಂದ ಕುಪ್ಪುಸಾಮಿ, ಕಣ್ಣು ಒರೆಸಿಕೊಳ್ಳುತ್ತ.

ಚಿತಾಗಾರಕ್ಕೆ ಹೋಗುವ ಕಾರಿನಲ್ಲಿ ರೀಲು ಅವಳ ತೊಡೆಯ ಮೇಲಿತ್ತು. ಊಟದ ತಟ್ಟೆಯಷ್ಟು ಅಗಲದ ಮರದ ಚಕ್ರ, ಅಂಗೈಯ ಜಿಡ್ಡು ಕುಡಿದು ಕಪ್ಪಾದದ್ದು. ಬೆರಳು ತಾಗಿದರೆ ಸಾಕು, ಗುಂಯ್ ಎಂದು ತಿರುಗುತ್ತಿತ್ತು.

"ಅಕ್ಕಾ, ತಿರುಗಿಸ್ಬೇಡ. ತಲೆ ಕೆಡತ್ತೆ," ಅಂದ ದೇವನ್.

ಅವಳು ನಿಲ್ಲಿಸಿದಳು. ಅರೆಗಳಿಗೆಯಲ್ಲಿ ಬೆರಳು ತಾನಾಗಿ ಮತ್ತೆ ಚಕ್ರವನ್ನು ತಳ್ಳಿತು.

*

ಭಾರತೀಯರಿಗೆಂದು ಬೇರ್ಪಡಿಸಿದ್ದ ಚಾಟ್ಸ್‌ವರ್ತ್ ಬಡಾವಣೆಯ ಫುಟ್‌ಬಾಲ್ ಮೈದಾನದಲ್ಲಿ ಚಿಕ್ಕಂದಿನಲ್ಲಿ ಅಪ್ಪ ಅವಳಿಗೆ ಗಾಳ ಬೀಸುವುದನ್ನು ಕಲಿಸಿದ್ದ. ಗಾಳವಿಲ್ಲದ ದಾರಕ್ಕೆ ಬರೀ ಸೀಸದ ಗುಂಡು. ಅವಳ ಎರಡರಷ್ಟು ಉದ್ದದ ಬಿದಿರು ಗಳ.

"ತಲೆ ಮೇಲಿಂದ ಎಸೀಬೇಡ. ಸಮುದ್ರಕ್ಕೆ ಬೆನ್ನು ಹಾಕು. ಸೊಂಟ ತಿರುಗಿಸ್ಕೊಂಡು ಪಕ್ಕದಿಂದ ಬೀಸು," ಅನ್ನುತ್ತಿದ್ದ. "ಈ ರೀಲಿಗೆ ಲಗಾಮಿಲ್ಲ. ಬಿಟ್ರೆ ಹುಚ್ಚೆದ್ದು ಸಿಕ್ಕಾಗತ್ತೆ, ಹಿಡಿದ್ರೆ ಗೆಣ್ಣು ಮುರಿಯತ್ತೆ. ಸುಮ್ನೆ ಬೆರಳಲ್ಲಿ ಸವರ್ತಾ ಇರು, ನಿದ್ದೆ ಮಾಡೋ ಮಗೂನ ಸವರೋ ಹಾಗೆ."

ಹನ್ನೆರಡು ತುಂಬುವಷ್ಟರಲ್ಲಿ ಅವಳ ಗುಂಡು ಗೋಲುಕಂಬ ದಾಟಿ ಬೀಳುತ್ತಿತ್ತು. ಶನಿವಾರ ಬೆಳಗಾದರೆ ಕುಪ್ಪು ಮಾಮನ ಲಾರಿಯಲ್ಲಿ ಇಸಿಪಿಂಗೊ ಕಡಲತೀರಕ್ಕೆ ಹೊರಡುವರು. ಗಂಡಸರ ಸಾಲಿನಲ್ಲಿ ಅವಳೊಬ್ಬಳೇ ಹುಡುಗಿ.

ಕೊನೆಯ ಶನಿವಾರ ಹಕ್ಕಿಗಳು ನೀರಿಗೆ ಎರಗುತ್ತ ಎರಗುತ್ತ ತೀರದುದ್ದಕ್ಕೂ ಸರಿದವು. ಅವುಗಳ ಕೆಳಗೆ ಮೀನಿನ ಹಿಂಡು. ಅಪ್ಪ, ಕುಪ್ಪು ಮಾಮ, ಅವಳು ಹಿಂದೆಯೇ ಹೋದರು. ಬಿಳಿಯರಿಗೆ ಮಾತ್ರ ಎಂದು ಬರೆದ ಫಲಕ ಹಿಂದಾದದ್ದನ್ನು ಯಾರೂ ಗಮನಿಸಲಿಲ್ಲ. ಬುಟ್ಟಿ ತುಂಬುತ್ತ ಬಂದಿತ್ತು. ಅಪ್ಪ ಅವಳನ್ನು ಇನ್ನಷ್ಟು ಎರೆ ತರಲು ಲಾರಿಗೆ ಕಳಿಸಿದ.

ಅವಳು ಎರೆ ಹಿಡಿದು ಬರುವಾಗ ಇಬ್ಬರೂ ಮರಳದಿಬ್ಬ ಹತ್ತಿ ಎದುರಾದರು. ಬುಟ್ಟಿ ಖಾಲಿ. ಅಪ್ಪನ ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು.

"ಮೀನು ಹೋಯ್ತು. ನಡಿ," ಅಂದ.

ಮುಂದಿನ ಶನಿವಾರ ಅವಳನ್ನು ಎಬ್ಬಿಸದೆ ಹೋದ. ಆ ತಿಂಗಳೇ ಅವಳು ಮೈನೆರೆದಿದ್ದಳು. "ದೊಡ್ಡೋಳಾದೆ, ಇನ್ನು ಗಂಡಸರ ಜೊತೆ ಸಮುದ್ರಕ್ಕಾ?" ಅಂದಳು ಪಾಕ್ಯಮ್ಮತ್ತೆ. ಅಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅವತ್ತು ರಾತ್ರಿ ಹುಣಸೆಹುಳಿಯ ಮೀನುಸಾರಿನ ತಟ್ಟೆಯನ್ನು ಅವಳು ದೂಡಿದಳು. ಮದುವೆಯಾಗಿ, ಮಕ್ಕಳಾಗಿ, ಭಾನುವಾರ ತೌರಿಗೆ ಬಂದಾಗಲೂ ಅಪ್ಪ ಹುರಿದ ತುಂಡೊಂದನ್ನು ಅವಳ ಎಲೆಯಂಚಿಗೆ ಇಡುವನು, ಅವಳು ಎತ್ತಿ ಪಕ್ಕದವರಿಗೆ ಹಾಕುವಳು.

*

ಚಿತಾಗಾರದ ಬಾಗಿಲು ಮುಚ್ಚಿದ ಮೇಲೆ ಜನ ಕಾರುಗಳತ್ತ ಚದುರಿದರು. ಸೆಲ್ವರಾಣಿ ಬೇಲಿಯುದ್ದಕ್ಕೂ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ಕುಪ್ಪು ಮಾಮ ಅಡ್ಡ ಬಂದು ನಿಂತ.

"ಒಳ್ಳೇದಾಯ್ತು ತಗೊಂಡಿದ್ದು. ಅದು ನಿಂದೇ."

"ನಂದಾಗಿದ್ರೆ ಅಪ್ಪ ಯಾಕೆ ಸಮುದ್ರ ಬಿಡಿಸ್ದ? ಹೆಣ್ಣು ಅಂತ ತಾನೆ?"

"ಹೆಣ್ಣು ಅಂತಾನಾ?" ಮಾಮ ನೆಲ ನೋಡಿದ. "ಹೇಳ್ಬೇಡ ಅಂದಿದ್ದ. ಈಗ ಅವನಿಗೆ ಕೇಳಿಸಲ್ವಲ್ಲ. ನೀನು ಎರೆ ತರೋಕೆ ಹೋದ್ಯಲ್ಲ, ಅವತ್ತು ಇಬ್ರು ಬಿಳಿ ಕಾವಲಿನೋರು ನಾಯಿ ತಗೊಂಡು ಬಂದ್ರು. ನಿಮ್ಮಪ್ಪನ ಅಂಗಿ ಬಿಚ್ಚಿಸಿದ್ರು. ಬುಟ್ಟಿ ಮೀನಷ್ಟನ್ನೂ ಒಂದೊಂದಾಗಿ ಬಾಯಲ್ಲಿ ಕಚ್ಕೊಂಡು, ನಾಲ್ಕು ಕಾಲಲ್ಲಿ ತೆವಳ್ಕೊಂಡು ಹೋಗಿ ನೀರಿಗೆ ಬಿಡು ಅಂದ್ರು. ನಗ್ತಾ ಇದ್ರು. ನಾನು ನಿಂತ್ಕೊಂಡು ನೋಡ್ದೆ ಸೆಲ್ವಾ. ನಾಯಿ ನನ್ನ ಕಾಲ ಹತ್ರಾನೇ ಇತ್ತು."

ಅವಳು ರೀಲನ್ನು ಎದೆಗೆ ಒತ್ತಿಕೊಂಡಳು.

"ಒಂದು ಮೀನು ಬಿಟ್ಟು ಇನ್ನೊಂದಕ್ಕೆ ಬರೋವಾಗ ಒಂದೇ ಮಾತು ಕೇಳೋನು. 'ಮಗು ಬಂತಾ ನೋಡು.' ಅಷ್ಟೇ. ಆಮೇಲೆ ನಿನ್ನ ಕರ್ಕೊಂಡು ಬರೋ ಧೈರ್ಯ ಅವನಿಗೆ ಬರ್ಲೇ ಇಲ್ಲ."

ದೇವನ್ ಕಾರಿನ ಬಾಗಿಲು ತೆರೆದು ಕೂಗಿದ. "ಅಕ್ಕಾ, ಬಾ. ಮನೆಗೆ ಹೋಗಿ ಸ್ನಾನ ಆಗ್ಬೇಕು."

ಸೆಲ್ವರಾಣಿ ಮಾಮನ ಕಡೆಗೇ ನೋಡುತ್ತಿದ್ದಳು. "ಪಿಕಪ್ಪಲ್ಲಿ ಗಳ ಇದ್ಯಾ?"

"ಶ್ಯಾಡ್ ಕಾಲದಲ್ಲಿ ಇಲ್ದೇ ಇರತ್ತಾ?"

"ತಲೆ ಕೆಟ್ಟಿದ್ಯಾ?" ದೇವನ್ ಹತ್ತಿರ ಬಂದ. "ಸುಟ್ಟು ಬಂದ ಮೈಯಲ್ಲಿ? ನೀರು ಮುಟ್ಟದೆ?"

"ಅಲ್ಲೂ ನೀರೇ ಇರೋದು," ಅಂದಳು, ಮಾಮನ ಪಿಕಪ್ ಹತ್ತುತ್ತ.

*

ತೀರದುದ್ದಕ್ಕೂ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಮೀನು ಎಳೆಯುವವರ ಗಳಗಳು ಬಾಗಿದ್ದವು. ಕುಪ್ಪು ಮಾಮ ರೀಲನ್ನು ಗಳದ ಬುಡಕ್ಕೆ ಬಿಗಿದುಕೊಟ್ಟ. ಸೂತಕದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಬೀಸಿದಳು. ಚಕ್ರ ಒಮ್ಮೆ ಚೀರಿತು. ಮರುಗಳಿಗೆ ಹಿಡಿ ಅವಳ ಗೆಣ್ಣಿಗೆ ಬಡಿಯಿತು, ದಾರ ಗುಬ್ಬಿಗೂಡಾಗಿ ಉಬ್ಬಿತು, ಗುಂಡು ನೊರೆಯಲ್ಲೇ ಬಿತ್ತು.

ಅವಳು ಮರಳಿನಲ್ಲಿ ಕೂತು ಸಿಕ್ಕು ಬಿಡಿಸತೊಡಗಿದಳು. ಗೆಣ್ಣಿನ ರಕ್ತ ಬಿಳಿ ಸೀರೆಗೆ ಹತ್ತಿತು. ಕಾರಿನಲ್ಲಿ ಹಿಂದೆಯೇ ಬಂದಿದ್ದ ದೇವನ್ ಬೂಟು ಕಳಚಿ ಕೈಯಲ್ಲಿ ಹಿಡಿದು ಬಂದ. ಅವಳ ಪಕ್ಕ ಕೂತು ದಾರದ ಒಂದು ಎಳೆ ಹಿಡಿದ.

"ಎಳೀಬೇಡ. ಸಡಿಲ ಬಿಡು," ಅಂದಳು.

ಬಿಡಿಸಲಾಗದ ಕಡೆ ಹಲ್ಲಿನಿಂದ ಕಚ್ಚಿ ಕತ್ತರಿಸಿ ಹೊಸ ಗಂಟು ಹಾಕಿ ಎದ್ದಳು. ಎಡಗಡೆಯ ಮುದುಕ ಇವಳ ಸೀರೆ ನೋಡಿದ, ರೀಲು ನೋಡಿದ. ಆ ರೀಲು ಯಾರದೆಂದು ಆ ತೀರದಲ್ಲಿ ಎಲ್ಲರಿಗೂ ಗೊತ್ತು. ತನ್ನ ದಾರ ಸುತ್ತಿಕೊಂಡು ಹಿಂದೆ ಸರಿದ. ಬಲಗಡೆಯವನೂ ಸುತ್ತಿಕೊಂಡ, ಅವನ ಪಕ್ಕದವನೂ. ಮೀನು ದಡಕ್ಕೆ ಮುಗಿಬಿದ್ದಿದ್ದ ಹೊತ್ತಿನಲ್ಲಿ ಅವಳಿಗೆ ಬೀಸಲು ಅಷ್ಟಗಲ ತೀರ ಖಾಲಿಯಾಯಿತು.

ಸೆಲ್ವರಾಣಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತಳು. ಗಳದ ತುದಿಯಲ್ಲಿ ಸೀಸದ ಗುಂಡು ಗಾಳಿಗೆ ತೂಗುತ್ತಿತ್ತು.