ಏಕಾಂತಪ್ಪನವರ ಅಂಗಡಿಯಲ್ಲಿ ನೆಟ್ ಸ್ಲೋ

ಮೊಳಕಾಲ್ಮೂರಿನ ಏಕಾಂತಪ್ಪನವರ ರೇಷ್ಮೆ ಸೀರೆ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ. ಗಿರಾಕಿ ‘ಇನ್ನೊಂದು ತೋರಿಸಿ’ ಎಂದರೆ ಇಲ್ಲ ಅನ್ನಬಾರದು, ಕೊಳ್ಳದೆ ಎದ್ದು ಹೋದರೂ ಮುಖ ಸಿಂಡರಿಸಬಾರದು. ಕಟ್ಟಳೆ ಸಾಹುಕಾರರದು, ಸೀರೆ ಹರಡಿ ಮಡಚಿ ನೋಯುವ ಸೊಂಟ ನನ್ನದು. ಹಾಗಾಗಿ ಆ ಸೋಮವಾರ ನನ್ನ ಹೆಂಡತಿ ರೇಣುಕಮ್ಮ ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು ಗಾದಿಯ ಮೇಲೆ ಕೂತಾಗ ನಾನು ಕೈ ಮುಗಿದು, “ಏನು ತೋರಿಸ್ಲಿ ಅಮ್ಮಾ?” ಎಂದು ಅವಳನ್ನೇ ಕೇಳಬೇಕಾಯಿತು.

“ಎಲ್ಲಾ ತೋರ್ಸ್ರಿ,” ಅಂದಳು.

ರೇಣುಕ ಮನೆಯ ಮಗ್ಗದಲ್ಲಿ ನೇಯ್ದ ಸೀರೆಗಳನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿ ಮಾರುತ್ತಾಳೆ. ನಮ್ಮ ಕೇರಿ ಗುಡ್ಡದ ಬುಡದಲ್ಲಿದೆ, ಮೊಬೈಲ್ ಸಿಗ್ನಲ್ ಬರುವುದಿಲ್ಲ. ಏಕಾಂತಪ್ಪನವರ ತಂಗಿಯ ಮಗ ಸಂಗಮೇಶನ ಕೇಬಲ್ ನೆಟ್ಟೇ ಗತಿ. ಅವನು ತಿಂಗಳ ಬಾಡಿಗೆಯನ್ನು ಎಲ್ಲರಿಂದಲೂ ಒಂದೇ ಸಮ ವಸೂಲು ಮಾಡುತ್ತಾನೆ. ಯಾರ ವಿಡಿಯೋ ಓಡಬೇಕು, ಯಾರದು ತೆವಳಬೇಕು ಎಂಬುದು ಮಾತ್ರ ಅವನ ಮರ್ಜಿ. ಮಾವನ ಅಂಗಡಿಯ ವಿಡಿಯೋ ಸರಾಗವಾಗಿ ಹರಿಯುತ್ತಿತ್ತು. ನಮ್ಮವಳು ಸೆರಗು ತೋರಿಸುವ ಹೊತ್ತಿಗೆ ಸರಿಯಾಗಿ ವಿಡಿಯೋ ಸಿಕ್ಕಿಕೊಂಡು, ಅವಳು ಪರದೆಯ ಮೇಲೆ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದಳು. ನೋಡುವವರಿಗೆ ಸೀರೆ ಒಡೆದ ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ಹೊಸಪೇಟೆಯವರು, ದಾವಣಗೆರೆಯವರು ಬೇಸತ್ತು ಫೋನ್ ಇಡುತ್ತಿದ್ದರು. ಕೇರಿಯ ಬೇರೆ ಮಗ್ಗಗಳದ್ದೂ ಇದೇ ಪಾಡು. ನೆನೆದರೆ ಈಗಲೂ ಮೈ ಉರಿಯುತ್ತದೆ.

‘ಎಲ್ಲರ ವಿಡಿಯೋಗೂ ಒಂದೇ ವೇಗ’ ಎಂದು ರಟ್ಟಿನ ಮೇಲೆ ಬರೆದುಕೊಂಡು ಹೆಂಗಸರು ಕೇಬಲ್ ಆಫೀಸಿನ ಮುಂದೆ ಧರಣಿ ಕೂತರು. “ನಮ್ ವೈರು, ನಮ್ಮಿಷ್ಟ ಕಣಕ್ಕಾ,” ಎಂದು ಸಂಗಮೇಶ ಮಜ್ಜಿಗೆ ಕುಡಿಸಿ ಕಳಿಸಿದ. ದೆಹಲಿಗೆ ಆನ್‌ಲೈನಿನಲ್ಲಿ ದೂರು ಕೊಡೋಣವೆಂದರೆ ಆ ಪುಟವೂ ತೆರೆಯಲಿಲ್ಲ. ಅದಕ್ಕೇ ಈಗ ಗಾದಿಗೆ ಬಂದಿದ್ದರು.

ನಾನು ಮೊದಲ ಸೀರೆ ಹರಡಿದೆ. ರೇಣುಕ ಸೆರಗಿಗೆ ಕೈ ಚಾಚಿದವಳು ಅರ್ಧದಲ್ಲೇ ನಿಂತುಬಿಟ್ಟಳು. ಬಾಯಿ ತೆರೆದಿತ್ತು, ರೆಪ್ಪೆ ಅಲುಗಲಿಲ್ಲ. ಉಳಿದವರೂ ಹಾಗೇ ಮಾಡಿದರು.

“ಏನಾಯ್ತಮ್ಮಾ?” ಸಾಹುಕಾರರು ಗಾಬರಿಯಾದರು.

“ಲೋಡ್ ಆಗ್ತೈತ್ರಿ, ತಡೀರಿ,” ಅಂದಳು ರೇಣುಕ.

ಬಹಳ ಹೊತ್ತಿನ ಮೇಲೆ ಜೀವ ಬಂದು “ಇನ್ನೊಂದು” ಎಂದಳು, ಮತ್ತೆ ಸಿಕ್ಕಿಕೊಂಡಳು. ಮುದುಕಿ ಕ್ಯಾತಮ್ಮನಂತೂ ಎತ್ತಿದ ಕೈ ಇಳಿಸಲೇ ಇಲ್ಲ. ನಿಜಕ್ಕೂ ಏನಾದರೂ ಆಯಿತೇನೋ ಎಂದು ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. “ಲೇ, ಉಸ್ರು ಐತೆ, ನೀನು ಸೀರೆ ತೆಗಿ,” ಎಂದು ಗದರಿದಳು. ಅನ್ನಪೂರ್ಣಮ್ಮ ಮಾತ್ರ ಗಿಳಿಹಸಿರು ಸೀರೆಯೊಂದಕ್ಕೆ ಮನಸೋತು, ಚಳವಳಿ ಮರೆತು, “ಇದಕ್ಕೆಷ್ಟ್ರಿ?” ಎಂದುಬಿಟ್ಟಳು. ರೇಣುಕ ಚಿವುಟಿದ ಮೇಲೆ ಮತ್ತೆ ಕಲ್ಲಾದಳು.

ಅಷ್ಟರಲ್ಲಿ ಮದುವೆ ಜವಳಿಗೆಂದು ರಾಯದುರ್ಗದಿಂದ ಒಂದು ಕುಟುಂಬ ಬಂತು. “ವೀಳ್ಳಕೇಮೈಂದಿ?” ಎಂದು ತೆಲುಗಿನಲ್ಲಿ ಕೇಳುತ್ತ ಅವರ ಹಿರಿಯಾಕೆ ಬಾಗಿಲಲ್ಲೇ ನಿಂತರು. ಇವರಿಗೇನಾಗಿದೆ ಎಂದು ಯಾವ ಭಾಷೆಯಲ್ಲಿ ತಾನೇ ಹೇಳುವುದು?

ಸಾಹುಕಾರರಿಗೆ ತಡೆಯಲಾಗಲಿಲ್ಲ. “ಲೇ ನಾಗಭೂಷಣ, ನಿನ್ ಹೆಂಡ್ತೀನ ಎಬ್ಸಿ ಕಳ್ಸು. ಇಲ್ಲಾಂದ್ರೆ ನೀನೂ ಅವಳ ಜತಿಗೇ ಹೋಗು!”

ನನ್ನ ಕೈಯಲ್ಲಿ ಅರ್ಧ ಹರಡಿದ ಸೀರೆ ಇತ್ತು. ಹೆದರಿಕೆಯಾಯಿತು. ಗಿರಾಕಿಯಿಲ್ಲದೆ ಮಗ್ಗ ನಿಂತ ಮನೆ ನಡೆಯುತ್ತಿದ್ದುದು ಈ ಸಂಬಳದಿಂದಲೇ. ರೇಣುಕಳ ಕಡೆ ನೋಡಿದೆ. ಮಿಟುಕಿಸದ ಅವಳ ಕಣ್ಣುಗಳಲ್ಲಿ ನೀರು ತುಂಬಿತ್ತು. ನಾನು ಬಾಯಿ ತೆರೆದು, ಸೀರೆ ಎತ್ತಿ ಹಿಡಿದು, ಹಾಗೇ ನಿಂತುಬಿಟ್ಟೆ.

“ಲೇ! ನಿಂಗೇನಾತೋ?”

“ಲೋಡ್ ಆಗ್ತೈತ್ರಿ, ಸಾವ್ಕಾರ್ರೇ.”

ರಾಯದುರ್ಗದವರು ಮೆಟ್ಟಿಲಿಳಿಯತೊಡಗಿದರು. ಏಕಾಂತಪ್ಪನವರು ಫೋನ್ ಎತ್ತಿಕೊಂಡು, “ಸಂಗಮೇಶ, ಅದೇನ್ ಮಾಡಿದೀಯೋ ಈಗ್ಲೇ ತೆಗಿ. ಎಲ್ರಿಗೂ ಒಂದೇ ತರ ಬಿಡು!” ಎಂದು ಕೂಗಿದರು. ಅವಸರದಲ್ಲಿ ಸ್ಪೀಕರ್ ಒತ್ತಿದ್ದರು. “ನೀವೇ ಹೇಳಿದ್ರಲ್ಲ ಮಾವ?” ಎಂಬ ಉತ್ತರ ಅಂಗಡಿಗೆಲ್ಲ ಕೇಳಿಸಿತು. ಕಲ್ಲಾಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ನನ್ನ ಕೆಲಸ ಹೋಗಲಿಲ್ಲ. ರಾಶಿಬಿದ್ದ ಅಷ್ಟೂ ಸೀರೆಗಳನ್ನು ಮಡಚಲು ಬೇರೆ ಯಾರಿದ್ದರು?

ಸಂಜೆ ಮನೆಗೆ ಹೋದಾಗ ರೇಣುಕ ದಾವಣಗೆರೆಯ ಗಿರಾಕಿಯ ಜೊತೆ ವಿಡಿಯೋದಲ್ಲಿದ್ದಳು. ಆ ಕಡೆಯಾಕೆಯ ಮೂಗುತಿಯ ಹರಳು ಸಹ ನಿಚ್ಚಳವಾಗಿ ಕಾಣುತ್ತಿತ್ತು. ಆಕೆ ಸೆರಗು, ಅಂಚು, ಒಡಲು ಎಲ್ಲವನ್ನೂ ಸಾವಧಾನವಾಗಿ ನೋಡಿ, “ನೇಯ್ಗೆ ಚಂದ ಐತಮ್ಮ. ಬಣ್ಣ ನಮ್ಮುಡ್ಗಿಗೆ ಒಪ್ಪಲ್ಲ. ಬ್ಯಾಡ,” ಎಂದು ಫೋನ್ ಇಟ್ಟರು.

ಇಷ್ಟೆಲ್ಲ ಮಾಡಿದ್ದು ಇದಕ್ಕಾ ಅನ್ನಿಸಿ ನನಗೆ ಅಳು ಬಂದಂತಾಯಿತು.

ರೇಣುಕ ಸೀರೆಯನ್ನು ಮಡಿಲಿಗೆ ಎಳೆದುಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖ ಅರಳಿತ್ತು.

“ನೋಡಿ ಬ್ಯಾಡ ಅಂದ್ರು ಕಣ್ರೀ,” ಎಂದಳು. “ಪೂರ್ತಿ ನೋಡಿ ಬ್ಯಾಡ ಅಂದ್ರು.”

ಆಮೇಲೆ ಕಣ್ಣೊರೆಸಿಕೊಂಡು ಹೊಸಪೇಟೆಯವರಿಗೆ ಫೋನ್ ಮಾಡಿದಳು.